ನಾಳೆ ಎಷ್ಟು ಪಫ್ ಹಾಕಬೇಕು? ಸಣ್ಣ ಅಂಗಡಿಗೊಂದು ಎಂಐಎಸ್ ಕಟ್ಟುವ ಬಗೆ

ತಾಲ್ಲೂಕು ಕೇಂದ್ರವೊಂದರ ಬಸ್ ಸ್ಟ್ಯಾಂಡ್ ಎದುರಿನ ಬೇಕರಿ ಅಂದುಕೊಳ್ಳಿ. ರಾತ್ರಿ ಒಂಬತ್ತೂವರೆ, ಶಟರ್ ಅರ್ಧ ಇಳಿದಿದೆ. ಮಾಲೀಕರು ಗಲ್ಲಾದ ನೋಟು ಎಣಿಸಿ, ಫೋನಿನಲ್ಲಿ ಯುಪಿಐ ಮೊತ್ತ ನೋಡಿ, ಎರಡನ್ನೂ ಕೂಡಿಸಿ, ‘ಪರವಾಗಿಲ್ಲ, ಇವತ್ತು ಹದಿನೆಂಟು ಸಾವಿರ’ ಅನ್ನುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಹದಿನೇಳು ಮೊಟ್ಟೆ ಪಫ್ ಮಿಕ್ಕಿವೆ. ಕೆಲವನ್ನು ಕೆಲಸದ ಹುಡುಗರು ತಿನ್ನುತ್ತಾರೆ, ಉಳಿದವು ಬೀದಿನಾಯಿಗಳ ಪಾಲು. ಬೆಳಿಗ್ಗೆ ಭಟ್ಟಿಯವನು ‘ಎಷ್ಟು ಹಾಕ್ಲಿ?’ ಎಂದರೆ ಉತ್ತರ ನಿನ್ನೆಯದೇ: ‘ಎಂಬತ್ತು ಹಾಕು.’

ಹದಿನೆಂಟು ಸಾವಿರ ಎಂಬುದು ಲೆಕ್ಕ. ಎಂಬತ್ತು ಎಂಬುದು ನಿರ್ಧಾರ. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆಯೇ ಇಲ್ಲ. ಈ ಎರಡರ ನಡುವೆ ಹಾಕುವ ಕಾಲುಸಂಕವೇ ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್, ಅಂದರೆ ಎಂಐಎಸ್. ದೊಡ್ಡ ಆಫೀಸುಗಳಲ್ಲಿ ‘ಎಂಐಎಸ್ ಕಳಿಸಿ’ ಎಂದರೆ ತಿಂಗಳ ಕೊನೆಗೆ ಮೇಲಿನವರಿಗೆ ರವಾನಿಸುವ, ಯಾರೂ ಬಿಚ್ಚಿ ನೋಡದ ಎಕ್ಸೆಲ್ ಹಾಳೆ ಎಂಬ ಅರ್ಥ ಬಂದುಬಿಟ್ಟಿದೆ. ಅದನ್ನು ಮರೆತುಬಿಡಿ.

ಬೇಕರಿಯ ಉದಾಹರಣೆಯನ್ನೇ ಹಿಡಿದುಕೊಂಡಿದ್ದಕ್ಕೆ ಕಾರಣವಿದೆ. ದಿನನಿತ್ಯದ ವ್ಯಾಪಾರದ ಲೆಕ್ಕಕ್ಕೆ ಮೊದಲು ಕಂಪ್ಯೂಟರ್ ಹೂಡಿದ್ದು ಬ್ಯಾಂಕೂ ಅಲ್ಲ, ವಿಮಾನ ಕಂಪನಿಯೂ ಅಲ್ಲ. ಬ್ರಿಟನ್ನಿನಲ್ಲಿ ಟೀ ಅಂಗಡಿಗಳ ಸಾಲನ್ನೇ ನಡೆಸುತ್ತಿದ್ದ ಜೆ. ಲಯನ್ಸ್ ಎಂಬ ಕಂಪನಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಎಂಬ ಕಂಪ್ಯೂಟರಿನ ಮಾದರಿಯಲ್ಲಿ ‘ಲಿಯೊ’ ಎಂಬ ಕಂಪ್ಯೂಟರನ್ನು ತಾನೇ ಕಟ್ಟಿಕೊಂಡಿತು. 1951ರ ನವೆಂಬರಿನಲ್ಲಿ ಅದಕ್ಕೆ ವಹಿಸಿದ ಮೊದಲ ವ್ಯಾಪಾರಿ ಕೆಲಸವೇ ಬೇಕರಿಯ ಲೆಕ್ಕ: ಎಷ್ಟು ಬ್ರೆಡ್ಡು, ಕೇಕು ತಯಾರಾಯಿತು, ಅದಕ್ಕೆ ತಗುಲಿದ್ದೆಷ್ಟು, ಎಲ್ಲಿಗೆ ಹೋದ ಮಾಲಿನ ಬೆಲೆ ಎಷ್ಟು. ಒಂದು ಕೋಣೆ ತುಂಬುವ ಯಂತ್ರ ಮಾಡಿದ ಕೆಲಸವನ್ನು ಇವತ್ತು ನೂರು ಪುಟದ ನೋಟ್‌ಬುಕ್ಕು, ಬೇಕಿದ್ದರೆ ಫೋನಿನ ಗೂಗಲ್ ಶೀಟ್ಸ್ ಮಾಡಬಲ್ಲವು. ಕ್ರಮ ಮಾತ್ರ ಗೊತ್ತಿರಬೇಕು.

1. ಮೊದಲು ನಿರ್ಧಾರಗಳನ್ನು ಬರೆದುಕೊಳ್ಳಿ

ಎಲ್ಲರೂ ತಪ್ಪುವುದು ಇಲ್ಲೇ. ಮೊದಲು ಸಾಫ್ಟ್‌ವೇರ್ ತರುತ್ತಾರೆ, ಆಮೇಲೆ ಅದು ಕೊಡುವ ನಲವತ್ತು ರಿಪೋರ್ಟುಗಳಲ್ಲಿ ಯಾವುದನ್ನು ನೋಡಬೇಕೆಂದು ತಿಳಿಯದೆ ಕೂರುತ್ತಾರೆ. ಅದನ್ನು ತಿರುಗಿಸಿ. ಖಾಲಿ ಹಾಳೆಯಲ್ಲಿ, ನೀವು ಪದೇ ಪದೇ ಮಾಡುವ ನಿರ್ಧಾರಗಳನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ. ನಾಳೆ ಯಾವ ಮಾಲು ಎಷ್ಟು ಮಾಡಬೇಕು? ಮೈದಾ ಯಾವಾಗ ತರಿಸಬೇಕು? ಯಾರಿಗೆ ಉದ್ರಿ ನಿಲ್ಲಿಸಬೇಕು? ಹನಿ ಕೇಕಿನ ಬೆಲೆ ಏರಿಸಬಹುದೇ? ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಬೇಕೇ?

ಪ್ರತಿ ಪ್ರಶ್ನೆಯ ಮುಂದೆ ಎರಡು ಸಂಗತಿ ಸೇರಿಸಿ: ಇದು ದಿನದ್ದೋ, ವಾರದ್ದೋ, ವರ್ಷದ್ದೋ? ಯಾವ ಅಂಕಿ ಗೊತ್ತಾದರೆ ನನ್ನ ಉತ್ತರ ಬದಲಾಗುತ್ತದೆ? ಎರಡನೆಯದಕ್ಕೆ ಉತ್ತರ ಹೊಳೆಯದಿದ್ದರೆ ಆ ಅಂಕಿಯನ್ನು ಕಲೆಹಾಕುವ ಶ್ರಮವೇ ಬೇಡ. ಯಾವ ಅಂಕಿ ಬಂದರೂ ನೀವು ಎಂಬತ್ತೇ ಹಾಕುವವರಾದರೆ ಲೆಕ್ಕ ಬರೆಯುವ ಹುಡುಗನ ಸಂಬಳವಾದರೂ ಉಳಿಯಲಿ. ಐದು ಪ್ರಶ್ನೆಗಿಂತ ಹೆಚ್ಚು ಬೇಡ.

2. ಒಂದು ಮಾಲಿಗೆ ಒಂದೇ ಹೆಸರು

ಬೆಳಗಿನ ಹುಡುಗ ‘ಎಗ್ ಪಫ್’ ಎಂದು, ಸಂಜೆಯವನು ‘ಮೊಟ್ಟೆ ಪಪ್ಸ್’ ಎಂದು, ಮಾಲೀಕರು ‘ಇ.ಪಿ.’ ಎಂದು ಬರೆದರೆ ಕಂಪ್ಯೂಟರಿಗೆ ಅವು ಮೂರು ಬೇರೆ ತಿಂಡಿ. ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಅಳತೆಯೂ ಹಾಗೇ: ಮೈದಾ ಮೂಟೆಯಲ್ಲಿ ಬಂದು ಕೆ.ಜಿ.ಯಲ್ಲಿ ಖರ್ಚಾಗುತ್ತದೆ, ಮೊಟ್ಟೆ ಮೂವತ್ತರ ಟ್ರೇಯಲ್ಲಿ ಬಂದು ಬಿಡಿಯಾಗಿ ಒಡೆಯುತ್ತದೆ. ಖರ್ಚಾಗುವ ಅಳತೆಯಲ್ಲೇ ಬರೆಯಿರಿ.

3. ಆದ ಕೂಡಲೇ, ಆದ ಜಾಗದಲ್ಲೇ

ಊರ ಹಾಲಿನ ಡೇರಿಯನ್ನು ನೋಡಿ. ರೈತ ಹಾಲು ಹಾಕುತ್ತಾನೆ, ತೂಕ ಆಗುತ್ತದೆ, ಫ್ಯಾಟು ನೋಡುತ್ತಾರೆ, ಕ್ಯಾನಿನ ಪಕ್ಕದಲ್ಲಿ ನಿಂತಿರುವಾಗಲೇ ಚೀಟಿ ಕೈಗೆ ಬರುತ್ತದೆ. ರೈತನ ಕೈಯ ಚೀಟಿ, ಸಂಘದ ಕಾರ್ಯದರ್ಶಿಯ ದಿನದ ಲೆಕ್ಕ, ಹಾಲು ಒಕ್ಕೂಟದ ಶೇಖರಣೆಯ ವರದಿ, ಮೂರಕ್ಕೂ ಬೇರು ಆ ಒಂದೇ ಅಳತೆ. ಎಂಐಎಸ್ ಬಗ್ಗೆ ಪಾಠ ಹೇಳುವವರು ಕೆಳಗೆ ದಿನದ ವಿವರ, ಮೇಲೆ ಹೋದಂತೆ ಸಾರಾಂಶ ಎಂದು ಪಿರಮಿಡ್ ಚಿತ್ರ ಬರೆದು ವಿವರಿಸುವುದನ್ನು ನಮ್ಮ ಹಳ್ಳಿಗಳು ದಿನಕ್ಕೆರಡು ಹೊತ್ತು ಮಾಡುತ್ತಿವೆ.

ಬೇಕರಿಗೂ ಅದೇ ನಿಯಮ. ‘ರಾತ್ರಿ ನೆನಪು ಮಾಡ್ಕೊಂಡು ಬರೀತೀನಿ’ ಎಂದವರ ಲೆಕ್ಕ ನಂಬಬೇಡಿ. ಒಂದು ಮಾಲಿಗೆ ಒಂದು ಸಾಲು, ಐದು ಕಲಂ ಸಾಕು: ಎಷ್ಟು ಮಾಡಿದ್ದು, ಎಷ್ಟು ಮಾರಿದ್ದು, ಎಷ್ಟು ಮಿಕ್ಕಿದ್ದು, ಖಾಲಿಯಾದ ಹೊತ್ತು, ವಿಶೇಷ.

ಕೊನೆಯ ಎರಡನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಇಡೀ ಹಾಳೆಯ ಜೀವ ಇರುವುದು ಅವುಗಳಲ್ಲೇ. ಖಾರಾ ಬನ್ ನಲವತ್ತು ಮಾಡಿ ನಲವತ್ತೂ ಹೋಯಿತು ಎಂದುಕೊಳ್ಳಿ. ಪುಸ್ತಕ ನೋಡಿದರೆ ಬೇಡಿಕೆ ನಲವತ್ತು. ಆದರೆ ಅದು ಸಂಜೆ ಆರಕ್ಕೇ ಖಾಲಿಯಾಗಿ, ಆಮೇಲೆ ಬಂದವರೆಲ್ಲ ‘ಇಲ್ವಾ?’ ಎಂದು ಹೋಗಿದ್ದರೆ? ಬರಿಗೈಲಿ ಹೋದವರು ಬಿಲ್ಲಿನಲ್ಲಿ ಕಾಣುವುದಿಲ್ಲ. ಮಾಲು ಮಿಕ್ಕಿದ ದಿನಗಳಲ್ಲಿ ಆರು ಗಂಟೆಯೊಳಗೆ ದಿನದ ಮೂರರಲ್ಲಿ ಎರಡು ಪಾಲು ಮಾರಾಟವಾಗುತ್ತದೆ ಎಂದು ನಿಮ್ಮ ಹಾಳೆಯೇ ಹೇಳುತ್ತಿದ್ದರೆ, ಆರಕ್ಕೆ ನಲವತ್ತು ಖಾಲಿಯಾದ ದಿನದ ನಿಜವಾದ ಬೇಡಿಕೆ ಸುಮಾರು ಅರವತ್ತು.

‘ವಿಶೇಷ’ದಲ್ಲಿ ಸಂತೆ, ಜಾತ್ರೆ, ಜೋರು ಮಳೆ, ಬಸ್ ಇಲ್ಲ, ಕರೆಂಟ್ ಹೋಗಿತ್ತು, ಇಂಥವು ಬರಲಿ. ಸಂತೆ ದಿನವನ್ನು ಸಂತೆ ದಿನದ ಜೊತೆಗೇ ತೂಗಬೇಕು. ಶ್ರಾವಣ ಬಂದರೆ ಮೊಟ್ಟೆ ಪಫ್ ಮಲಗುತ್ತದೆ, ವೆಜ್ ಪಫ್ ಏಳುತ್ತದೆ. ಶ್ರಾವಣಕ್ಕೋ ಇಂಗ್ಲಿಷ್ ಕ್ಯಾಲೆಂಡರಿನ ಹಂಗಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದು, ನಿಜ ಶ್ರಾವಣ ಶುರುವಾಗಿದ್ದೇ ಆಗಸ್ಟ್ ನಡುವಿಗೆ. ಹೋದ ಆಗಸ್ಟಿಗೆ ಈ ಆಗಸ್ಟು ಹೋಲಿಸುವ ಸಾಫ್ಟ್‌ವೇರಿಗೆ ಇದು ತಿಳಿಯುವುದಿಲ್ಲ. ಪಂಚಾಂಗವೂ ನಿಮ್ಮ ಎಂಐಎಸ್‌ನ ಭಾಗ.

4. ಒಂದರ ಅಸಲು ತೆಗೆಯಿರಿ

ಒಂದು ಪಫ್‌ಗೆ ಬೀಳುವ ಮೈದಾ, ವನಸ್ಪತಿ, ಅರ್ಧ ಮೊಟ್ಟೆ, ಮಸಾಲೆ, ಉರುವಲು ಕೂಡಿಸಿ. ಬಾಡಿಗೆ, ಸಂಬಳ ಇಲ್ಲಿ ಸೇರಿಸಬೇಡಿ. ಐವತ್ತು ಮಾಡಿದರೂ ಎಂಬತ್ತು ಮಾಡಿದರೂ ಅವನ್ನು ಕೊಟ್ಟೇ ಕೊಡುತ್ತೀರಿ, ‘ನಾಳೆ ಎಷ್ಟು’ ಎಂಬ ಪ್ರಶ್ನೆಗೆ ಅವು ಸಂಬಂಧವಿಲ್ಲ. ಬೆಲೆ ಇಡುವಾಗ, ಅಂಗಡಿ ನಡೆಸಬೇಕೋ ಮುಚ್ಚಬೇಕೋ ಎಂದು ಯೋಚಿಸುವಾಗ ಬೇಕು. ಒಂದೇ ಮಾಲಿಗೆ, ಕೇಳುವ ಪ್ರಶ್ನೆಗೆ ತಕ್ಕಂತೆ ಬೇರೆ ಬೇರೆ ಅಸಲು ಇರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಹಳೆಯ ವ್ಯಾಪಾರಿಗಳಿಗೆ ಕಷ್ಟವಾಗುತ್ತದೆ.

5. ಈಗ ಎಂಬತ್ತನ್ನು ಪ್ರಶ್ನಿಸಿ

ಪಫ್‌ನ ಅಸಲು 12 ರೂಪಾಯಿ, ಮಾರುವುದು 20ಕ್ಕೆ ಎಂದಿಟ್ಟುಕೊಳ್ಳೋಣ. ಮಾರಿದರೆ 8 ಲಾಭ, ಮಿಕ್ಕಿದರೆ 12 ನಷ್ಟ. ಮಾಮೂಲಿ ಹತ್ತು ದಿನಗಳ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 48, 52, 55, 58, 60, 63, 66, 70, 74, 80.

ಎಂಬತ್ತರಂತೆ ಹತ್ತು ದಿನ ಮಾಡಿದರೆ ಖರ್ಚು 9,600. ಮಾರಾಟವಾಗುವುದು 626 ಪಫ್, ಬರುವುದು 12,520. ಕೈಯಲ್ಲಿ ಉಳಿಯುವುದು 2,920.

ಬೇಡಿಕೆಯ ಸರಾಸರಿ 62 ಚಿಲ್ಲರೆ. ಹಾಗಾದರೆ 62 ಮಾಡೋಣವೇ? ಅದೂ ಪೂರ್ತಿ ಸರಿಯಲ್ಲ. ಲಾಭವನ್ನು ಲಾಭ-ನಷ್ಟಗಳ ಮೊತ್ತದಿಂದ ಭಾಗಿಸಿ: 8 ಭಾಗಿಸು 20, ಅಂದರೆ 0.4, ಹತ್ತರಲ್ಲಿ ನಾಲ್ಕು. ಹತ್ತು ದಿನಗಳ ಸಾಲಿನಲ್ಲಿ ನಾಲ್ಕನೆಯ ಸಂಖ್ಯೆಗೆ ಬೆರಳಿಡಿ: 58. ದಿನಕ್ಕೆ 58 ಮಾಡಿದರೆ ಖರ್ಚು 6,960, ಮಾರಾಟ 561 ಪಫ್, ಬರುವುದು 11,220, ಉಳಿಯುವುದು 4,260. ಮಾರಾಟ ಇಳಿಯಿತು, ಗಲ್ಲಾ ಹಗುರಾಯಿತು, ಹತ್ತೇ ದಿನದಲ್ಲಿ ಲಾಭ ಮಾತ್ರ 1,340 ರೂಪಾಯಿ ಏರಿತು. ಅದೂ ಒಂದೇ ಮಾಲಿನಲ್ಲಿ.

ಈ ಲೆಕ್ಕದ ಪ್ರಕಾರ ಹತ್ತರಲ್ಲಿ ಆರು ದಿನ ಪಫ್ ಸಾಲದೆ ಹೋಗುತ್ತದೆ. ‘ಗಿರಾಕಿ ಬರಿಗೈಲಿ ಹೋಗಬಾರದು’ ಎಂದು ಬೆಳೆದುಬಂದವರ ಮನಸ್ಸು ಇದನ್ನು ಒಪ್ಪದು. ಅವರ ಮಾತಿನಲ್ಲೂ ಹುರುಳಿದೆ: ಪಫ್ ಸಿಗದವನು ಟೀ ಕುಡಿಯದೆಯೂ ಹೋಗಬಹುದು. ಹಾಗಿದ್ದರೆ ಆ ಭಯಕ್ಕೂ ಒಂದು ಬೆಲೆ ಕಟ್ಟಿ. ತಪ್ಪಿಹೋದ ಗಿರಾಕಿಗೆ ಇನ್ನೂ 4 ರೂಪಾಯಿ ಎನ್ನಿ. ಆಗ 8ರ ಜಾಗದಲ್ಲಿ 12 ಬರುತ್ತದೆ: 12 ಭಾಗಿಸು 24, ಅಂದರೆ 0.5, ಐದನೆಯ ಸಂಖ್ಯೆ, 60. ಅಳುಕಿಗೆ ಬೆಲೆ ಕಟ್ಟಿದ ಮೇಲೂ ಎಂಬತ್ತರ ಹತ್ತಿರ ಸುಳಿಯಲಿಲ್ಲ ಎಂಬುದನ್ನು ಗಮನಿಸಿ.

ಬ್ರೆಡ್ಡಿನ ಕಥೆ ಬೇರೆ. ಅಸಲು 25, ಬೆಲೆ 40. ಮಿಕ್ಕಿದ ಬ್ರೆಡ್ಡನ್ನು ಸುಟ್ಟು ರಸ್ಕ್ ಮಾಡಿದರೆ 15 ರೂಪಾಯಿ ಹುಟ್ಟುತ್ತದೆ ಎಂದರೆ ನಷ್ಟ ಬರೀ 10. ಲೆಕ್ಕ 15 ಭಾಗಿಸು 25, ಆರನೆಯ ಸಂಖ್ಯೆ. ಬ್ರೆಡ್ಡಿನಲ್ಲಿ ಕೈ ಕೊಂಚ ಧಾರಾಳವಾಗಬಹುದು, ಪಫ್‌ನಲ್ಲಿ ಬಿಗಿಯಾಗಬೇಕು. ಅನುಭವಿ ಭಟ್ಟರಿಗೆ ಇದು ಕೈಯಂದಾಜಿನಲ್ಲೇ ಗೊತ್ತಿರುತ್ತದೆ. ಆದರೆ ಅವರು ಊರಿಗೆ ಹೋದ ವಾರ ಅಂದಾಜೂ ಅವರ ಜೊತೆಗೇ ಬಸ್ ಹತ್ತುತ್ತದೆ.

ಒಂದು ತೊಡಕಿದೆ. 58ಕ್ಕೆ ಇಳಿಸಿದ ಮೇಲೆ ಹೆಚ್ಚು ದಿನ ಖಾಲಿಯಾಗುವುದರಿಂದ ಬೇಡಿಕೆ ಏರಿದ್ದು ಪುಸ್ತಕದಲ್ಲಿ ಕಾಣದೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬೇಕೆಂದೇ ಎಂಬತ್ತು ಹಾಕಿಸಿ. ಆ ದಿನ ಮಿಕ್ಕಿದ್ದು ದಂಡವಲ್ಲ, ಮಾಹಿತಿಗೆ ಕೊಟ್ಟ ಬೆಲೆ.

6. ಸೋಮವಾರಕ್ಕೊಂದೇ ಹಾಳೆ

ಲಯನ್ಸ್ ಕಂಪನಿಯ ಟೀ ಅಂಗಡಿಗಳು 1950ರ ದಶಕದಲ್ಲಿ ಒಂದು ಜಾಣ ಪದ್ಧತಿ ನಡೆಸುತ್ತಿದ್ದವು. ಪ್ರತಿ ಅಂಗಡಿಗೂ ಒಂದು ಮಾಮೂಲಿ ಆರ್ಡರ್ ಕಂಪ್ಯೂಟರಿನ ಲೆಕ್ಕದಲ್ಲಿ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವಾಕೆ ಫೋನ್ ಮಾಡಿ ಇಡೀ ಪಟ್ಟಿ ಓದುತ್ತಿರಲಿಲ್ಲ. ಮಾಮೂಲಿಗಿಂತ ಏನು ಹೆಚ್ಚು, ಏನು ಕಡಿಮೆ, ಅಷ್ಟನ್ನೇ ಹೇಳುತ್ತಿದ್ದಳು.

ನಿಮ್ಮ ವಾರದ ಹಾಳೆಯೂ ಹಾಗಿರಲಿ. ನಲವತ್ತು ಮಾಲಿನ ನಲವತ್ತು ಸಾಲು ಬೇಡ. ಮೊದಲೇ ಒಂದು ಗೆರೆ ಎಳೆದುಕೊಳ್ಳಿ, ಮಿಕ್ಕಿದ್ದು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಂದೋ, ಸಂಜೆ ಐದಕ್ಕೆ ಮೊದಲೇ ಖಾಲಿ ಎಂದೋ. ಗೆರೆ ದಾಟಿದ ಮಾಲು ಮಾತ್ರ ಹಾಳೆಗೆ ಬರಲಿ. ಎಕ್ಸೆಲ್ ಗೊತ್ತಿದ್ದವರಿಗೆ ಇದು ಪಿವೊಟ್ ಟೇಬಲ್ಲಿನ ಐದು ನಿಮಿಷದ ಕೆಲಸ.

ಕೆಳಗೆ ಉದ್ರಿ. ಒಟ್ಟು ಬಾಕಿ ಎಷ್ಟೆಂದು ಬರೆದರೆ ಉಪಯೋಗವಿಲ್ಲ, ಎಷ್ಟು ಹಳೆಯದೆಂದು ಬರೆಯಿರಿ: 30 ದಿನದೊಳಗಿನದು, 60ರೊಳಗಿನದು, ಅದನ್ನೂ ಮೀರಿದ್ದು. ಬೇಕರಿ ಉದ್ಯಮ್ ನೋಂದಣಿ ಮಾಡಿಸಿದ್ದು, ಕ್ಯಾಂಟೀನಿಗೋ ಹಾಸ್ಟೆಲ್ಲಿಗೋ ಮಾಲು ಹಾಕುತ್ತಿದ್ದರೆ 45 ದಿನದ ಗೆರೆಯೂ ಇರಲಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಒಪ್ಪಂದ ಇದ್ದರೂ ಅದಕ್ಕಿಂತ ಹೆಚ್ಚು ದಿನ ಸತಾಯಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನವಷ್ಟೇ.

ಹಾಳೆಯ ಕೊನೆಯಲ್ಲಿ ಖಾಲಿ ಜಾಗ ಬಿಟ್ಟು, ಆ ವಾರ ಏನು ನಿರ್ಧರಿಸಿದಿರಿ, ಏನಾಗಬಹುದೆಂದು ಎಣಿಸಿದಿರಿ ಎಂದು ಎರಡು ಸಾಲು ಕೈಯಲ್ಲೇ ಬರೆಯಿರಿ. ‘ವೆಜ್ ಪಫ್ 50ರಿಂದ 60. ಶ್ರಾವಣ. ಮಿಕ್ಕಲಾರದು.’ ತಿಂಗಳ ನಂತರ ನೋಡಿದಾಗ ನಿಮ್ಮ ಅಂದಾಜು ಯಾವ ಕಡೆಗೆ ವಾಲುತ್ತದೆಂದು ತಿಳಿಯುತ್ತದೆ. ಬಹಳ ಜನ ಹೆಚ್ಚಿನ ಕಡೆಗೇ ವಾಲುತ್ತಾರೆ, ನಾನೂ ಸೇರಿ.

7. ತೆರಿಗೆಯ ಕಲಂ ಒಂದಿರಲಿ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಅಂಗಡಿಗಳ ಮುಂದೆ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿದ್ದು ನೆನಪಿರಬೇಕು. ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹಾಲು, ಬ್ರೆಡ್ಡಿನಂಥವಕ್ಕೆ ತೆರಿಗೆ ಇಲ್ಲ. ಫೋನಿಗೆ ಬಂದ ಹಣದಲ್ಲಿ ತೆರಿಗೆ ಇಲ್ಲದ ಮಾಲಿನದೆಷ್ಟು, ಇರುವುದರದೆಷ್ಟು, ಮನೆಯವರು ಕಳಿಸಿದ ಕೈಸಾಲ ಎಷ್ಟು ಎಂದು ಬಿಡಿಸಿ ತೋರಿಸಬಲ್ಲವರಿಗೆ ಉತ್ತರ ಬರೆಯಲು ಆಧಾರವಿತ್ತು. ಮಾಲಿನ ಪಟ್ಟಿಯ ಪಕ್ಕದಲ್ಲೇ ತೆರಿಗೆ ಉಂಟೋ ಇಲ್ಲವೋ ಎಂಬ ಕಲಂ ಸೇರಿಸಿ. ಅಂಗಡಿಗೂ ಮನೆಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಕ್ಯೂಆರ್ ಇರಲಿ.

8. ಸಾಫ್ಟ್‌ವೇರ್ ಕೊನೆಗೆ

ಮೂರು ತಿಂಗಳು ನೋಟ್‌ಬುಕ್ಕಿನಲ್ಲೇ ನಡೆಸಿ. ಅಷ್ಟರಲ್ಲಿ ಯಾವ ಕಲಂ ನೋಡುತ್ತೀರಿ, ಯಾವುದನ್ನು ಸುಮ್ಮನೆ ತುಂಬುತ್ತಿದ್ದೀರಿ ಎಂದು ತಿಳಿದಿರುತ್ತದೆ. ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿ. ಮಾರಲು ಬಂದವರು ಡ್ಯಾಶ್‌ಬೋರ್ಡ್, ಬಣ್ಣದ ಗ್ರಾಫು, ಇತ್ತೀಚೆಗೆ ಎಐ ಕೂಡ ತೋರಿಸುತ್ತಾರೆ. ತೋರಿಸಲಿ. ನೀವು ಎರಡೇ ಕೇಳಿ: ‘ಮಾಲು ಖಾಲಿಯಾದ ಹೊತ್ತು ಇದರಲ್ಲಿ ಎಲ್ಲಿ ಬರುತ್ತೆ?’ ‘ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಎಲ್ಲ ಲೆಕ್ಕವನ್ನೂ ಎಕ್ಸೆಲ್ಲಿಗೆ ಇಳಿಸಿಕೊಳ್ಳಬಹುದಾ?’ ಎರಡನೆಯದಕ್ಕೆ ‘ಅದೆಲ್ಲ ನಮ್ಮ ಸರ್ವರಲ್ಲಿ ಸೇಫಾಗಿರುತ್ತೆ ಸಾರ್’ ಎಂಬ ಉತ್ತರ ಬಂದರೆ, ಬಂದವರಿಗೆ ಒಂದು ಪಫ್ ಕೊಟ್ಟು ಕಳಿಸಿ. ಸಂಜೆಯಾಗಿದ್ದು ಮಿಕ್ಕಿದ್ದರೆ ಎರಡು ಕೊಡಿ.