ಪಬ್‌ಮೆಡ್ ಆನ್‌ಲೈನ್ ಪಾಠ ಕಲಿಯುವ ಗ್ರಂಥಪಾಲಕರಿಗೆ ಒಂದು ಸಲಹೆ

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಉಚಿತವಾಗಿ ನೀಡುವ ಪಬ್‌ಮೆಡ್ (ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ) ಪಾಠಗಳನ್ನು ಕಲಿಯುವಾಗ, ನಿಮ್ಮ ಓದುಗರು ನಿಜವಾಗಿ ಕೇಳಿದ ಪ್ರಶ್ನೆಯೊಂದನ್ನು ಪಕ್ಕದ ಟ್ಯಾಬ್‌ನಲ್ಲಿ ಹುಡುಕಿ, ‘ಅಡ್ವಾನ್ಸ್ಡ್’ ಪುಟದಲ್ಲಿ ಆ ಹುಡುಕಾಟದ ‘ಡೀಟೇಲ್ಸ್’ ತೆರೆದು ನೋಡಿ. ‘ಹಾರ್ಟ್ ಅಟ್ಯಾಕ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಮೆಶ್ (ಲೇಖನಗಳ ವಿಷಯ ಗುರುತಿಸಲು ಆ ಲೈಬ್ರರಿ ಬಳಸುವ ನಿಗದಿತ ಪದಗಳ ಪಟ್ಟಿ) ಶೀರ್ಷಿಕೆಗೂ ತಾನಾಗಿಯೇ ಜೋಡಣೆಯಾಗಿರುವುದು ಅಲ್ಲಿ ಕಾಣುತ್ತದೆ. ಪಾಠದಲ್ಲಿ ಹೇಳಿದ ನಿಯಮ ನಮ್ಮದೇ ಪ್ರಶ್ನೆಯ ಮೇಲೆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡಾಗ ಅದು ಮನಸ್ಸಿನಲ್ಲಿ ನಿಲ್ಲುತ್ತದೆ, ಪ್ರಮಾಣಪತ್ರಕ್ಕಿಂತ ಇದೇ ಮುಖ್ಯವೆಂದು ನನ್ನ ಭಾವನೆ. ಆದರೆ ಪದಗಳನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಅಥವಾ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಈ ಜೋಡಣೆ ನಡೆಯುವುದಿಲ್ಲ. ಮೆಶ್‌ಗೆ ಇನ್ನೂ ಸೇರದ ಹೊಸ ವಿಷಯಗಳಲ್ಲಿಯೂ ಇದು ನೆರವಾಗದು. ಅಲ್ಲಿ ಸಮಾನಾರ್ಥಕ ಪದಗಳನ್ನು ನಾವೇ ಸೇರಿಸಿ ಹುಡುಕಬೇಕು.