ಮುಖ ಬಿಡಿ, ಬಾಲ ನೋಡಿ: ಹಳೇ ಅಮೆರಿಕನ್ ಕಾರಿನ ವರ್ಷ ಹಿಡಿಯುವ ಬಗೆ

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮಂಥವರ ಮನೆಗೆ ಆಗಸ್ಟ್‌ನಲ್ಲಿ ನೆಂಟರು ಬಂದರೆ ಒಂದು ದಿನ ವುಡ್‌ವರ್ಡ್ ಅವೆನ್ಯೂಗೆ ಮೀಸಲು. ಆ ತಿಂಗಳ ಮೂರನೇ ಶನಿವಾರ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹಳೇ ಕಾರುಗಳ ಜಾತ್ರೆ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್. ಬಂದವರು ಹತ್ತು ನಿಮಿಷ ಬಾಯಿ ಬಿಟ್ಟು ನೋಡುತ್ತಾರೆ, ಆಮೇಲೆ ಎಲ್ಲಾ ಒಂದೇ ಥರ ಕಂಡು ನೆರಳು ಹುಡುಕಲು ಹೊರಡುತ್ತಾರೆ. ಹೋದ ಸಲ ನನ್ನ ಅಕ್ಕನ ಮಗನೂ ಹಾಗೇ ಮಾಡಿದ. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಕಾರಿನ ತಗಡು ಒತ್ತುವ ಡೈಗಳ, ಅಂದರೆ ಅಚ್ಚುಗಳ, ನಡುವೆ ಕಳೆದವನು. ಹಾಗಾಗಿ ನನ್ನ ಸೂತ್ರ ಕಸುಬಿನದು: ಸ್ಪ್ಯಾನರ್ ಹಾಕಿ ಬಿಚ್ಚಬಹುದಾದ್ದನ್ನು ನಂಬಬೇಡಿ. ಗ್ರಿಲ್, ಬಂಪರ್, ಚಕ್ರ, ಹೆಸರಿನ ಅಕ್ಷರಗಳು ಎಲ್ಲಾ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಮುಂದಿನ ಫೆಂಡರ್ ಕೂಡ ಬೋಲ್ಟಿನದೇ. ಹಿಂದಿನ ಪಕ್ಕೆ ಮಾತ್ರ ಸಾಮಾನ್ಯವಾಗಿ ಬಾಡಿಗೆ ಬೆಸೆದದ್ದು. ಅದನ್ನು ಬದಲಿಸಲು ಕೊಯ್ಯಬೇಕು. ಅದಕ್ಕೇ ಕಾರಿನ ಹಿಂದೆ ಹೋಗಿ ನಿಲ್ಲಿ ಅನ್ನುವುದು.

ಈ ಪಾಠ ನಾನು ಮರ್ಯಾದೆ ಕಳೆದುಕೊಂಡೇ ಕಲಿತೆ. ಹೊಸದರಲ್ಲಿ ಫೋರ್ಡಿನ ಎರಡು ಸೀಟಿನ ಥಂಡರ್‌ಬರ್ಡ್ ಪಕ್ಕ ನಿಂತು, ಚಾವಣಿಯ ಗುಂಡು ಕಿಟಕಿ ನೋಡಿ ‘ಐವತ್ತಾರು’ ಅಂದುಬಿಟ್ಟೆ. ಯಜಮಾನರು ನಕ್ಕು ಹಿಂದೆ ಬೆರಳು ತೋರಿಸಿದರು. ಹಿಂಪಕ್ಕೆಯ ತುದಿ ಮೀನಿನ ರೆಕ್ಕೆಯಂತೆ ಮೇಲೆದ್ದಿತ್ತು. ಆ ರೆಕ್ಕೆ ಇತ್ತು ಅಂದರೆ 1957. ಆ ಚಾವಣಿ ಎತ್ತಿ ತೆಗೆದಿಡುವಂಥದ್ದು, ಯಾವುದರ ಮೇಲೆ ಬೇಕಾದರೂ ಕೂರುತ್ತದೆ. 1955ಕ್ಕೆ ರೆಕ್ಕೆ ಇಲ್ಲ, ಸ್ಟೆಪ್ನಿ ಡಿಕ್ಕಿಯ ಒಳಗೆ. 1956ರಲ್ಲಿ ಡಿಕ್ಕಿಯಲ್ಲಿ ಜಾಗ ಸಾಲದೆಂದು ಸ್ಟೆಪ್ನಿಯನ್ನು ಹಿಂದಿನ ಬಂಪರ್ ಮೇಲೆ ನಿಲ್ಲಿಸಿದರು. 1957ರಲ್ಲಿ ಹಿಂಭಾಗ ಉದ್ದವಾಯಿತು, ಸ್ಟೆಪ್ನಿ ಮತ್ತೆ ಒಳಗೆ ಹೋಯಿತು. ಆದರೆ ಬಂಪರಿನ ಸ್ಟೆಪ್ನಿಯನ್ನೂ ಆಮೇಲೆ ಕೂರಿಸಿಕೊಳ್ಳುವವರಿದ್ದಾರೆ, ಅದನ್ನೊಂದನ್ನೇ ನೆಚ್ಚಬೇಡಿ.

ಅಭ್ಯಾಸಕ್ಕೆ ಶೆವ್ರೊಲೆ 1955, 56, 57 ಒಳ್ಳೆಯದು. ರಸ್ತೆ ತುಂಬಾ ಅವೇ ಇರುತ್ತವೆ. ಮೂರಕ್ಕೂ ಒಳಗಿನ ಚಿಪ್ಪು ಹೆಚ್ಚುಕಡಿಮೆ ಒಂದೇ. ಡೈ ಮಾಡಿಸುವುದು ದುಬಾರಿ, ಗಿರಾಕಿಗೋ ವರ್ಷಕ್ಕೊಂದು ಹೊಸ ಮುಖ ಬೇಕು, ಹೀಗಾಗಿ ಮೇಲಿನ ತಗಡಷ್ಟೇ ಬದಲು. 55ರ ಗ್ರಿಲ್ ಚಿಕ್ಕದು, ಸಣ್ಣ ಚೌಕಗಳ ಜಾಲರಿ. 56ರದು ಆ ದೀಪದಿಂದ ಈ ದೀಪದವರೆಗೆ ಹರಡಿಕೊಂಡದ್ದು. ಇವೆರಡೂ ಮುಖದ ಮಾತು, ಅರ್ಧ ಸಾಕ್ಷಿ. ಪೂರ್ತಿ ಸಾಕ್ಷಿ ಬೇಕಾದರೆ ಪೆಟ್ರೋಲ್ ಎಲ್ಲಿ ಹಾಕುತ್ತಾರೆ ಅಂತ ಕೇಳಿ. 1955ರಲ್ಲಿ ಎಡ ಹಿಂಪಕ್ಕೆಯ ಮೇಲೆ ಕಣ್ಣಿಗೆ ಕಾಣುವ ಮುಚ್ಚಳ. 1956ರಲ್ಲಿ ಮುಚ್ಚಳವೇ ಕಾಣುವುದಿಲ್ಲ. ಎಡಗಡೆ ಹಿಂದಿನ ದೀಪವೇ ಬಾಗಿಲು. 1957ರಲ್ಲಿ ರೆಕ್ಕೆಯ ಹಿಂಬದಿ ಅಂಚಿಗಿರುವ ಕ್ರೋಮ್ ಪಟ್ಟಿ.

ಪಟ್ಟಿಯನ್ನು ಒಬ್ಬರು ಅಜ್ಜ ನನಗೆ ತೆರೆದು ತೋರಿಸಿದರು. ಮಡಚುವ ಕುರ್ಚಿಯಿಂದ ಎದ್ದು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, ಎಡ ರೆಕ್ಕೆಯ ಅಂಚಿಗೆ ಉಗುರು ತಾಗಿಸಿ ಎಳೆದರು. ಬೆಳ್ಳಿ ಪಟ್ಟಿ ಬಾಗಿಲಿನ ಹಾಗೆ ತೆರೆದುಕೊಂಡಿತು. ಒಳಗೆ ಮಾಮೂಲಿ ಮುಚ್ಚಳ, ಸುತ್ತ ಪೆಟ್ರೋಲಿನ ಕಲೆ. ‘ನಮ್ಮಪ್ಪ ಬಂಕಿಗೆ ಹೋದರೆ ಹುಡುಗರು ಮುಚ್ಚಳ ಹುಡುಕುತ್ತಾ ಸುತ್ತು ಹೊಡೀತಿದ್ದರು’ ಅಂತ ನಕ್ಕು, ಮತ್ತೆ ಟಕ್ ಅಂತ ಮುಚ್ಚಿದರು. ಬೀಗಬಾರದು ಅಂದರೂ ನಾನು ಬೀಗಿದೆ: ಆ ಸಂದು ಅಷ್ಟು ಸಮವಾಗಿ ಕೂರಿಸುವುದು ಹುಡುಗಾಟವಲ್ಲ, ನಮ್ಮ ಕಸುಬಿನವರ ಕೈಗುಣ.

ಈ ಶೆವ್ರೊಲೆಗಳಲ್ಲಿ ದುಬಾರಿ ಮಾದರಿ ಬೆಲ್ ಏರ್. ಆದರೆ ಬೆಲ್ ಏರ್ ಅಂತ ಬರೆದಿದ್ದೆಲ್ಲ ಬೆಲ್ ಏರ್ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅದಕ್ಕಿಂತ ಅಗ್ಗದ ಮಾದರಿ ಟೂ-ಟೆನ್‌ಗೆ ಬೆಲ್ ಏರ್ ಒಡವೆ ತೊಡಿಸಿ ತರುವವರಿದ್ದಾರೆ. ಯಜಮಾನರು ಸಲಿಗೆಯವರಾದರೆ ಡ್ರೈವರ್ ಬಾಗಿಲು ತೆಗೆಸಿ, ಕೀಲಿನ ಕಂಬದ ಮೇಲಿನ ಪುಟ್ಟ ತಗಡು ಓದಿ. ‘ವಿಸಿ57’ ಎಂದು ಶುರುವಾದರೆ ಎಂಟು ಸಿಲಿಂಡರಿನ ವಿ-8 ಎಂಜಿನ್ನಿನ ಬೆಲ್ ಏರ್. ‘ಸಿ’ ಜಾಗದಲ್ಲಿ ‘ಬಿ’ ಇದ್ದರೆ ಟೂ-ಟೆನ್. ಕಂಡರೂ ಸುಮ್ಮನಿರಿ. ಹೆಂಡತಿ ಮಕ್ಕಳ ಎದುರು ಹೇಳುವ ವಿಷಯ ಅಲ್ಲ.

ಕ್ಯಾಡಿಲಾಕ್ ಆದರೆ ರೆಕ್ಕೆಯ ಎತ್ತರವೇ ಪಂಚಾಂಗ. ಕ್ಯಾಡಿಲಾಕ್ ತಯಾರಿಸುವ ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಸ್ಟೈಲಿಂಗ್ ಮುಖ್ಯಸ್ಥ ಹಾರ್ಲಿ ಅರ್ಲ್ ಯುದ್ಧಕಾಲದಲ್ಲಿ ತನ್ನ ಹುಡುಗರನ್ನು ಇಲ್ಲೇ ಹತ್ತಿರದ ಸೆಲ್ಫ್‌ರಿಡ್ಜ್ ವಾಯುನೆಲೆಗೆ ಕರೆದೊಯ್ದು ಪಿ-38 ಎಂಬ ಎರಡು ಬಾಲದ ವಿಮಾನ ತೋರಿಸಿದ. ಅದರಿಂದ ಹುಟ್ಟಿದ್ದು 1948ರ ಕ್ಯಾಡಿಲಾಕ್‌ನ ಮೊಳಕೆ ರೆಕ್ಕೆ. ಮುಂದೆ ಜಿಎಂನ ಎದುರಾಳಿ ಕ್ರೈಸ್ಲರ್ ಕಂಪನಿಯ ವಿನ್ಯಾಸಕ ವರ್ಜಿಲ್ ಎಕ್ಸ್‌ನರ್ 1957ಕ್ಕೆ ಇನ್ನೂ ಚೂಪು ರೆಕ್ಕೆ ಎಬ್ಬಿಸಿದ. ಅವು ಮಾರಾಟಕ್ಕೆ ಬರುವ ಮೊದಲೇ, 1956ರ ಬೇಸಿಗೆಯಲ್ಲಿ, ಜಿಎಂನ ವಿನ್ಯಾಸಕ ಚಕ್ ಜೋರ್ಡನ್ ಮೌಂಡ್ ರೋಡಿನಲ್ಲಿ ಕ್ರೈಸ್ಲರ್ ಬೇಲಿಯಾಚೆ ಇಣುಕಿ ಅವನ್ನು ನೋಡಿ ಗಾಬರಿಬಿದ್ದ. ಹಳೇ ನಕ್ಷೆ ಬದಿಗಿಟ್ಟು ಹೊಸದಾಗಿ ಕೂತರು. 1959ರ ಕ್ಯಾಡಿಲಾಕ್ ಆ ಹಟದ ಫಲ. ಮುಗಿಲಿಗೆ ಚುಚ್ಚುವ ರೆಕ್ಕೆ, ಪ್ರತಿಯೊಂದರಲ್ಲೂ ಬಂದೂಕಿನ ಗುಂಡಿನಾಕಾರದ ಎರಡೆರಡು ಕೆಂಪು ದೀಪ. 1960ಕ್ಕೆ ರೆಕ್ಕೆ ತಗ್ಗಿತು, ಜೋಡಿ ಗುಂಡು ಹೋಯಿತು. ನನ್ನ ಓಟು 60ಕ್ಕೆ. 59 ಮದುವೆ ಮನೆಯಲ್ಲಿ ಎಲ್ಲಾ ಒಡವೆ ಒಟ್ಟಿಗೇ ಹೇರಿಕೊಂಡು ಬಂದವರ ಹಾಗೆ. ಇದನ್ನು ಅಲ್ಲಿ ಗಟ್ಟಿಯಾಗಿ ಹೇಳಿದರೆ ಜಗಳ ಗ್ಯಾರಂಟಿ.

ಉಳಿದವು ಚುಟುಕಾಗಿ. ಮುಂದೆ ಬದಿಗೆರಡು ದೀಪವಿದ್ದರೆ ಸಾಮಾನ್ಯವಾಗಿ 1958 ಅಥವಾ ಈಚಿನದು. 57ರಲ್ಲಿ ಕೆಲವಕ್ಕೆ ಮಾತ್ರ ಇತ್ತು. ಮುಂದಿನ, ಹಿಂದಿನ ಮೂಲೆಗಳ ಪಕ್ಕದಲ್ಲಿ ಚಿಕ್ಕ ದೀಪವೋ ರಿಫ್ಲೆಕ್ಟರೋ ಕಂಡರೆ 1968 ಅಥವಾ ಈಚೆ, ಆ ವರ್ಷ ಕಾನೂನೇ ಬಂತು. ಮುಂಗಾಜು ಪಕ್ಕಕ್ಕೆ ಸುತ್ತಿಕೊಂಡು ಕಂಬ ಮೊಣಕಾಲಿಗೆ ಬಡಿಯುವಂತಿದ್ದರೆ ಐವತ್ತರ ದಶಕದ ಮಧ್ಯದಿಂದ ಅರವತ್ತರ ಮೊದಲವರೆಗಿನದು.

ಮುಟ್ಟುವ ಮೊದಲು ಕೇಳಿ. ಬೆಲ್ಟಿನ ಬಕಲ್, ಹೆಗಲ ಚೀಲ ದೂರ ಇರಲಿ. ಬೆಲೆ ಕೇಳಬೇಡಿ. ‘ಇದು ಯಾರದಾಗಿತ್ತು?’ ಅನ್ನಿ. ಆಗ ಅಪ್ಪ, ದೊಡ್ಡಪ್ಪ, ಮೊದಲ ಸಂಬಳ ಎಲ್ಲಾ ಹೊರಬರುತ್ತದೆ. ನನ್ನದೂ ಒಂದು ಹೇಳುತ್ತೇನೆ: ದಾವಣಗೆರೆಯಲ್ಲಿ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬರುತ್ತಿದ್ದ ಕಪ್ಪು ಪ್ಲಿಮತ್. ಬಾಂಬೆಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಿಸಿದ್ದು, ಒಳಗೆ ಹನ್ನೊಂದು ಜನ, ಬಾನೆಟ್ ಮೇಲೆ ಚೆಂಡುಹೂವಿನ ಹಾರ. ಅದರ ವರ್ಷ ಯಾವುದೆಂದು ಮಾತ್ರ ಇವತ್ತಿಗೂ ಹೇಳಲಾರೆ. ನಾನು ಹಿಂದೆ ಹೋಗಿ ನೋಡಿರಲೇ ಇಲ್ಲ, ಮುಂದಿನ ಸೀಟಿಗೆ ಗುದ್ದಾಡುತ್ತಿದ್ದೆ.

ಶನಿವಾರ ನಿಲ್ಲಲು ಜಾಗ ಸಿಗುವುದಿಲ್ಲ. ಆ ವಾರ ಪೂರ್ತಿ ಕಾರುಗಳು ಓಡಾಡುತ್ತಿರುತ್ತವೆ, ಗುರುವಾರ ಸಂಜೆ ಹೋಗಿ. ರಾಯಲ್ ಓಕ್ ಹತ್ತಿರ ಒಂದು ಕುರ್ಚಿ ಹಾಕಿಕೊಂಡು, ಹೋಗುವ ಕಾರಿನ ಬೆನ್ನು ಕಾಣುವಂತೆ ಕೂತುಕೊಳ್ಳಿ.