ಪರಿಶೀಲನೆ ಆದಮೇಲೆ ನಿಂತ ಅಮ್ಮನ ಪಿಂಚಣಿ ಮತ್ತೆ ಬಂದಿದ್ದು ಹೀಗೆ

ಅಮ್ಮನಿಗೆ ಹಿರಿಯರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತಿತ್ತು. ಊರಲ್ಲಿ ಪಿಂಚಣಿದಾರರ ಪರಿಶೀಲನೆ ನಡೆದಾಗ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ತೋರಿಸಿದ್ದರು. ಆದರೂ ಮುಂದಿನ ತಿಂಗಳಿಂದ ಹಣ ಬರಲಿಲ್ಲ. ಪಿಂಚಣಿ ರದ್ದೂ ಆಗಿರಲಿಲ್ಲ.

ಪಾಸ್‌ಬುಕ್ ಜೆರಾಕ್ಸ್ ಎರಡು ಸಲ ಕೊಟ್ಟೆವು, ಉಪಯೋಗವಾಗಲಿಲ್ಲ. ಬ್ಯಾಂಕಿನಲ್ಲಿ ಕೆವೈಸಿ ಮಾಡಿಸಿದ್ದೂ ಸುಮ್ನೆ. ಕೆವೈಸಿಗೆ ಆಧಾರ್ ಕೊಡುವುದೇ ಬೇರೆ, ಸರ್ಕಾರದ ಹಣಕ್ಕೆ ಸೀಡಿಂಗ್ (ಆ ಹಣ ಯಾವ ಬ್ಯಾಂಕಿಗೆ ಬರಬೇಕೆಂದು ಆಧಾರ್‌ಗೆ ಜೋಡಿಸುವುದು) ಮಾಡಿಸುವುದೇ ಬೇರೆ. ಜಾಸ್ತಿ ಜನ ಎಡವುವುದು ಇಲ್ಲೇ.

ಮೊದಲು ಮೈ ಆಧಾರ್ ವೆಬ್‌ಸೈಟಿನಲ್ಲಿ ಆಧಾರ್ ನಂಬರ್ ಮತ್ತು ಒಟಿಪಿ ಹಾಕಿ ಲಾಗಿನ್ ಆಗಿ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಯಾವ ಬ್ಯಾಂಕ್, ಆಕ್ಟಿವ್ ಇದೆಯಾ ಎಂದು ಕಾಣುತ್ತದೆ. ನಮ್ಮದರಲ್ಲಿ ಎಂದೋ ಬಿಟ್ಟ ಹಳೆಯ ಬ್ಯಾಂಕ್ ಇತ್ತು. ಆಧಾರ್ ಮೂಲಕ ಹಾಕುವ ಹಣ ಅಲ್ಲಿಗೇ ಹೋಗುತ್ತದೆ, ಅಲ್ವಾ?

ಆಮೇಲೆ ಈಗ ಬಳಸುವ ಬ್ಯಾಂಕಿಗೆ ಅಮ್ಮನನ್ನೇ ಕರೆದುಕೊಂಡು ಹೋದೆ. "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿ" ಎಂದೇ ಕೇಳಬೇಕು. ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು, ಎನ್‌ಪಿಸಿಐ ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿ ಇಟ್ಟುಕೊಳ್ಳುವ ಸಂಸ್ಥೆ. ಒಪ್ಪಿಗೆ ಫಾರ್ಮ್‌ನಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆದು, ಅಲ್ಲಿಂದ ಬದಲಾಯಿಸಿ ಎಂಬ ಜಾಗದಲ್ಲಿ ಗುರುತು ಹಾಕಿ. ಸ್ವೀಕೃತಿ ಪಡೆಯಿರಿ.

ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಹೊಸ ಬ್ಯಾಂಕ್ ಹೆಸರು ಬಂದ ಮೇಲಷ್ಟೇ ಅದರ ಪ್ರಿಂಟ್ ಅನ್ನು ನಾಡಕಚೇರಿಗೆ ಕೊಟ್ಟೆ. ಮುಂದಿನ ಕಂತು ಸರಿಯಾದ ಖಾತೆಗೆ ಬಂತು.